ಟೊಲೆಡೊ: ಗೋಡೆಯ ಮೇಲಿನ ಸರಪಳಿಗಳು



ಯುರೋಪಿನ ಹಳೆಯ ನಗರಗಳಿಗೆ ಹೋದವರಿಗೆ ಒಂದು ದೃಶ್ಯ ಪರಿಚಿತವಾಗಿರುತ್ತದೆ. ಬೆಳಗಿನ ಹೊತ್ತು ಚೌಕದ ಒಂದು ಮೂಲೆಯಲ್ಲಿ ಇಪ್ಪತ್ತು, ಮೂವತ್ತು ಜನರ ಗುಂಪು ಸೇರುತ್ತದೆ. ಬಣ್ಣದ ಕೊಡೆ ಹಿಡಿದ ಮಾರ್ಗದರ್ಶಿಯೊಬ್ಬರು ಬಂದು ತಲೆ ಎಣಿಸುತ್ತಾರೆ. ಅಲ್ಲಿಂದ ಸಂಜೆಯವರೆಗೆ ಅವರು ತೋರಿಸಿದ್ದೇ ನಗರ, ಅವರು ಹೇಳಿದ್ದೇ ಚರಿತ್ರೆ. ಕೆಲವು ವರ್ಷಗಳ ಹಿಂದೆ ಮ್ಯಾಡ್ರಿಡ್‌ನಲ್ಲಿ ನಡೆದ ಸಭೆಯೊಂದಕ್ಕೆ ಹೋಗಿದ್ದಾಗ ನನಗೂ ಅಂಥದೊಂದು ದಿನ ಬಿಡುವು ದೊರೆಯಿತು. ಆ ದಿನವನ್ನು ನಾನು ಕಳೆದದ್ದು ಮ್ಯಾಡ್ರಿಡ್‌ಗೆ ದಕ್ಷಿಣದಲ್ಲಿ ಸುಮಾರು 70 ಕಿಲೋಮೀಟರ್ ದೂರದಲ್ಲಿರುವ ಟೊಲೆಡೊ ನಗರದಲ್ಲಿ. ನನ್ನೊಡನೆ ನೀವೂ ಆ ಕಲ್ಲುಹಾಸಿನ ಓಣಿಗಳಲ್ಲಿ ನಡೆಯಬೇಕೆಂಬುದು ನನ್ನ ಆಸೆ. ಏಕೆಂದರೆ ಅಂದು ನಾನು ನೋಡಿದ ಒಂದು ಗೋಡೆ ಇಂದಿಗೂ ನನ್ನ ಮನಸ್ಸಿನಿಂದ ಮರೆಯಾಗಿಲ್ಲ.

ನದಿ ಬಳಸಿದ ಬೆಟ್ಟ

ನಮ್ಮ ಮಾರ್ಗದರ್ಶಿ ಐವತ್ತು ದಾಟಿದ ಮಹಿಳೆ. ಆ ಊರಿನಲ್ಲೇ ಹುಟ್ಟಿ ಬೆಳೆದವರು. ಅವರು ಮೊದಲು ನಮ್ಮನ್ನು ಊರಿನೊಳಗೆ ಕರೆದೊಯ್ಯಲಿಲ್ಲ. ನದಿಯ ಆಚೆ ದಡದ ಎತ್ತರದಲ್ಲಿ ಬಸ್ಸು ನಿಲ್ಲಿಸಿ, “ಮೊದಲು ದೂರದಿಂದ ನೋಡಿ” ಎಂದರು. ಟಾಗಸ್ ನದಿ ಬೆಟ್ಟವನ್ನು ಮೂರು ಕಡೆಯಿಂದ ಬಳಸಿ ಹರಿಯುತ್ತದೆ. ಬೆಟ್ಟದ ಮೈಮೇಲೆ ಕಂದು ಬಣ್ಣದ ಮನೆಗಳು ಒಂದರ ಮೇಲೊಂದು ಕುಳಿತಂತಿವೆ. ನಡುವೆ ಪ್ರಧಾನಾಲಯದ ಗೋಪುರ. ತುದಿಯಲ್ಲಿ ಅಲ್ಕಾಸರ್ ಎಂಬ ಕೋಟೆ. ಇಡೀ ಹಳೆಯ ನಗರವನ್ನು 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಊರಿನ ಹೆಸರು ಗುರುಮಠದಲ್ಲಿ ಓದಿದವರಿಗೆಲ್ಲ ಗೊತ್ತು. ಧರ್ಮಸಭೆಯ ಚರಿತ್ರೆಯ ಪಾಠದಲ್ಲಿ ‘ಟೊಲೆಡೊ ಸಭೆಗಳು’ ಎಂಬ ಒಂದು ಸಾಲನ್ನೇ ನಾವು ಬಾಯಿಪಾಠ ಮಾಡಿದ್ದೆವು. ವಿಸಿಗಾಥ್ ಅರಸರ ರಾಜಧಾನಿಯಾಗಿದ್ದ ಈ ನಗರದಲ್ಲಿ 589ರಲ್ಲಿ ನಡೆದ ಮೂರನೆಯ ಸಭೆಯಲ್ಲಿ ದೊರೆ ರೆಕಾರೆದ್ ಆರಿಯಸನ ಪಂಥವನ್ನು ತೊರೆದು ಕಥೋಲಿಕ ವಿಶ್ವಾಸವನ್ನು ಬಹಿರಂಗವಾಗಿ ಒಪ್ಪಿಕೊಂಡನು. ಪರೀಕ್ಷೆಗೆ ಇಷ್ಟು ಬರೆದರೆ ಸಾಕಾಗಿತ್ತು. ಆದರೆ ಅನಂತರದ ಸಭೆಗಳ ನಿಯಮಗಳನ್ನು ಓದಿದರೆ ಬೇರೊಂದು ಕಥೆಯೂ ಕಾಣುತ್ತದೆ. 633ರಲ್ಲಿ ಸೆವಿಲ್ಲಿನ ಸಂತ ಇಸಿದೋರರ ಅಧ್ಯಕ್ಷತೆಯಲ್ಲಿ ನಡೆದ ನಾಲ್ಕನೆಯ ಸಭೆ, ಯೆಹೂದ್ಯರನ್ನು ಬಲಾತ್ಕಾರದಿಂದ ಕ್ರೈಸ್ತರನ್ನಾಗಿಸಬಾರದೆಂದು ಹೇಳಿತು. ಅದೇ ಉಸಿರಿನಲ್ಲಿ, ಈಗಾಗಲೇ ಬಲಾತ್ಕಾರಕ್ಕೆ ಒಳಗಾಗಿ ಸ್ನಾನದೀಕ್ಷೆ ಪಡೆದವರು ಹಿಂದಿರುಗಕೂಡದೆಂದೂ ವಿಧಿಸಿತು. 694ರ ಹದಿನೇಳನೆಯ ಸಭೆ ಇನ್ನೂ ಮುಂದೆ ಹೋಗಿ, ಪಿತೂರಿಯ ಆರೋಪ ಹೊರಿಸಿ, ರಾಜ್ಯದ ಯೆಹೂದ್ಯರನ್ನು ದಾಸರನ್ನಾಗಿ ಮಾಡುವ ತೀರ್ಪು ಕೊಟ್ಟಿತು. ಇದಾದ ಎರಡು ದಶಕಗಳೊಳಗೆ, 711ರಲ್ಲಿ ಆಫ್ರಿಕದಿಂದ ಜಲಸಂಧಿ ದಾಟಿ ಬಂದ ಮುಸ್ಲಿಂ ಸೇನೆಯ ಮುಂದೆ ವಿಸಿಗಾಥರ ರಾಜ್ಯ ಕುಸಿದುಬಿತ್ತು.

ಒಂಬತ್ತು ಚಾವಣಿಗಳ ಮಸೀದಿ

ಊರ ಬಾಗಿಲಿನೊಳಗೆ ಏರುದಾರಿಯಲ್ಲಿ ನಾವು ಮೊದಲು ಕಂಡದ್ದು ಒಂದು ಪುಟ್ಟ ಇಟ್ಟಿಗೆಯ ಕಟ್ಟಡ. ನಮ್ಮ ಹಳ್ಳಿಯ ಪ್ರಾರ್ಥನಾಲಯಕ್ಕಿಂತ ದೊಡ್ಡದೇನಲ್ಲ. ಕ್ರಿಸ್ತಶಕ 999ರಲ್ಲಿ ಕಟ್ಟಿದ ಮಸೀದಿ ಇದು ಎಂದು ಅದರ ಮುಂಗೋಡೆಯ ಮೇಲೆ ಇಟ್ಟಿಗೆಯಲ್ಲೇ ಮೂಡಿಸಿದ ಅರಬಿ ಬರಹ ಹೇಳುತ್ತದೆ. ಒಳಗೆ ನಾಲ್ಕು ಕಂಬಗಳು ಜಾಗವನ್ನು ಒಂಬತ್ತು ಚೌಕಗಳನ್ನಾಗಿ ವಿಭಾಗಿಸಿವೆ. ಆ ಒಂಬತ್ತಕ್ಕೂ ಒಂಬತ್ತು ಬಗೆಯ ಕಮಾನು ಚಾವಣಿಗಳು, ಒಂದರಂತೆ ಇನ್ನೊಂದಿಲ್ಲ. 12ನೇ ಶತಮಾನದಲ್ಲಿ ಇದಕ್ಕೆ ಅರ್ಧವೃತ್ತಾಕಾರದ ಬಲಿಪೀಠದ ಭಾಗವನ್ನು ಜೋಡಿಸಿ ದೇವಾಲಯವನ್ನಾಗಿ ಮಾಡಲಾಯಿತು. ಈಗ ಇದರ ಹೆಸರು ‘ಬೆಳಕಿನ ಕ್ರಿಸ್ತ’. 1085ರಲ್ಲಿ ದೊರೆ ಆರನೆಯ ಅಲ್ಫೊನ್ಸೊ ನಗರವನ್ನು ಪ್ರವೇಶಿಸಿದಾಗ ಅವನ ಕುದುರೆ ಇಲ್ಲಿ ಮೊಣಕಾಲೂರಿತಂತೆ; ಗೋಡೆ ಒಡೆದು ನೋಡಿದರೆ ಶತಮಾನಗಳ ಹಿಂದೆ ಬಚ್ಚಿಟ್ಟ ಶಿಲುಬೆಯ ಮುಂದೆ ದೀಪ ಇನ್ನೂ ಉರಿಯುತ್ತಿತ್ತಂತೆ. ಇದು ದಂತಕಥೆ. ಕುದುರೆ ಮಂಡಿಯೂರಿದ ಸ್ಥಳವೆಂದು ಹಾದಿಯಲ್ಲಿ ಒಂದು ಬಿಳಿಗಲ್ಲನ್ನು ತೋರಿಸುತ್ತಾರೆ.

ಮುಸ್ಲಿಂ ಆಳ್ವಿಕೆಯ ಮುನ್ನೂರ ಎಪ್ಪತ್ತು ವರ್ಷಗಳನ್ನು ಕೆಲವರು ಸ್ವರ್ಗದಂತೆ ವರ್ಣಿಸುತ್ತಾರೆ, ಕೆಲವರು ನರಕದಂತೆ. ಎರಡೂ ಸರಿಯಲ್ಲ. ಕ್ರೈಸ್ತರೂ ಯೆಹೂದ್ಯರೂ ತಲೆಗಂದಾಯ ಕೊಟ್ಟು ಎರಡನೆಯ ದರ್ಜೆಯ ಪ್ರಜೆಗಳಾಗಿ ಬಾಳಬೇಕಿತ್ತು. 9ನೇ ಶತಮಾನದಲ್ಲಿ ಕೊರ್ದೊಬಾದಲ್ಲಿ ಹುತಾತ್ಮರಾದವರ ನೆನಪು ಧರ್ಮಸಭೆಯಲ್ಲಿ ಇಂದಿಗೂ ಇದೆ. 1066ರಲ್ಲಿ ಗ್ರಾನಡಾದ ಯೆಹೂದ್ಯರ ಹತ್ಯಾಕಾಂಡ ನಡೆಯಿತು. ಆದರೆ ಅದೇ ಕಾಲದಲ್ಲಿ ಟೊಲೆಡೊದ ನ್ಯಾಯಾಧಿಪತಿಯಾಗಿದ್ದ ಸಾಯಿದ್ ಅಲ್-ಅಂದಲುಸಿ ಎಂಬ ವಿದ್ವಾಂಸ, ಜಗತ್ತಿನ ಜನಾಂಗಗಳು ವಿದ್ಯೆಗೆ ಕೊಟ್ಟ ಕಾಣಿಕೆಯನ್ನು ಕುರಿತು ಒಂದು ಗ್ರಂಥ ಬರೆದನು. ವಿದ್ಯೆಯನ್ನು ಬೆಳೆಸಿದ ಜನಾಂಗಗಳಲ್ಲಿ ಅವನು ಮೊದಲ ಸ್ಥಾನ ಕೊಟ್ಟದ್ದು ಭಾರತೀಯರಿಗೆ. ಅವರ ಅಂಕಗಣಿತವನ್ನು ಅವನು ಬಾಯಿತುಂಬ ಹೊಗಳಿದ್ದಾನೆ. 1070ರಲ್ಲಿ ತೀರಿಕೊಂಡ ಈತ ಭಾರತವನ್ನು ಕಂಡವನಲ್ಲ. ಟಾಗಸ್ ನದಿಯ ದಡದಲ್ಲಿ ಕುಳಿತು ಗಂಗೆಯ ನಾಡಿಗೆ ಗೌರವ ಸಲ್ಲಿಸಿದ ಆ ಮುಸ್ಲಿಂ ನ್ಯಾಯಾಧಿಪತಿಯ ವಿಷಯ ಕೇಳಿ ನನ್ನ ಮನಸ್ಸು ತುಂಬಿ ಬಂತು.

ಪ್ರಧಾನಾಲಯದ ಕಂಬ

ಟೊಲೆಡೊದ ಪ್ರಧಾನಾಲಯಕ್ಕೆ 1226ರಲ್ಲಿ ಅಡಿಗಲ್ಲು ಬಿತ್ತು. ಅದು ಪೂರ್ಣಗೊಂಡದ್ದು 1493ರಲ್ಲಿ. ಒಳಗಿನ ವೈಭವವನ್ನು ವರ್ಣಿಸಲು ಈ ಪುಟಗಳು ಸಾಲವು. ಎನ್ರಿಕೆ ದೆ ಆರ್ಫೆ ಎಂಬ ಅಕ್ಕಸಾಲಿಗ 16ನೇ ಶತಮಾನದ ಆರಂಭದಲ್ಲಿ ರಚಿಸಿದ ಪರಮಪ್ರಸಾದದ ಪ್ರದರ್ಶನಪಾತ್ರೆ ಮನುಷ್ಯನಿಗಿಂತ ಎತ್ತರವಾಗಿದೆ. ವಸ್ತ್ರಾಗಾರದಲ್ಲಿ ಎಲ್ ಗ್ರೆಕೊ ಬರೆದ ಚಿತ್ರವಿದೆ. ಯೇಸುಸ್ವಾಮಿಯ ಮೈಮೇಲಿನ ಕೆಂಪು ಅಂಗಿಯನ್ನು ಸೈನಿಕರು ಕಿತ್ತುಕೊಳ್ಳುವ ಕ್ಷಣ ಅದು. ನಮ್ಮ ಗುಂಪಿನವರು ಇವುಗಳ ಮುಂದೆ ಬಹಳ ಹೊತ್ತು ನಿಂತರು. ಆದರೆ ಮಾರ್ಗದರ್ಶಿ ನನ್ನ ಕೊರಳಿನ ಶಿಲುಬೆಯನ್ನು ನೋಡಿದ್ದರೆಂದು ಕಾಣುತ್ತದೆ. “ಫಾದರ್, ನಿಮಗೆ ಒಂದು ಕಂಬ ತೋರಿಸಬೇಕು” ಎಂದು ಪ್ರಧಾನ ಬಲಿಪೀಠದ ಬಳಿಗೆ ಕರೆದರು.

ಅಲ್ಲಿ ಸಂತರ, ಅರಸರ ಪ್ರತಿಮೆಗಳ ನಡುವೆ, ಒಂದು ಕಂಬದ ಮೇಲೆ ಒಬ್ಬ ಮುಸ್ಲಿಂ ಧರ್ಮಪಂಡಿತನ ಪ್ರತಿಮೆಯಿದೆ. ಹೆಸರು ಅಬು ವಾಲಿದ್ ಎಂದು ಸಂಪ್ರದಾಯ ಹೇಳುತ್ತದೆ. 1085ರಲ್ಲಿ ನಗರ ಶರಣಾದಾಗ, ದೊಡ್ಡ ಮಸೀದಿ ಮುಸ್ಲಿಮರ ಬಳಿಯೇ ಉಳಿಯುತ್ತದೆಂದು ಅಲ್ಫೊನ್ಸೊ ದೊರೆ ಮಾತು ಕೊಟ್ಟಿದ್ದನು. ದೊರೆ ಊರಿನಲ್ಲಿ ಇಲ್ಲದಿದ್ದಾಗ ರಾಣಿ ಕನ್‌ಸ್ಟಾನ್ಸಾ ಮತ್ತು ಫ್ರಾನ್ಸಿನಿಂದ ಬಂದ ಮಹಾಧರ್ಮಾಧ್ಯಕ್ಷ ಬೆರ್ನಾರ್ದ್ ಸೈನಿಕರನ್ನು ಕಳುಹಿಸಿ ಮಸೀದಿಯನ್ನು ವಶಪಡಿಸಿಕೊಂಡು ಬಲಿಪೀಠ ಸ್ಥಾಪಿಸಿ ಗಂಟೆ ಕಟ್ಟಿಸಿದರು. ಕೊಟ್ಟ ಮಾತು ಮುರಿಯಿತೆಂದು ದೊರೆ ಕೆಂಡವಾಗಿ, ಇಬ್ಬರನ್ನೂ ಶಿಕ್ಷಿಸಲು ಧಾವಿಸಿ ಬಂದನು. ಊರ ಹೊರಗೆ ಅವನನ್ನು ಎದುರುಗೊಂಡವರು ಮುಸ್ಲಿಮರೇ. ಅವರನ್ನು ಕ್ಷಮಿಸಬೇಕೆಂದು, ಇಲ್ಲವಾದರೆ ಮುಂದೆ ಆ ದ್ವೇಷ ತಮ್ಮ ಮಕ್ಕಳ ಮೇಲೆ ಬೀಳುತ್ತದೆಂದು ಅವರು ಬೇಡಿಕೊಂಡರು. ಈ ಪ್ರಸಂಗವನ್ನು 13ನೇ ಶತಮಾನದಲ್ಲಿ ಬರೆದಿಟ್ಟವರು ಟೊಲೆಡೊದ ಮಹಾಧರ್ಮಾಧ್ಯಕ್ಷ ರೊದ್ರಿಗೊ ಹಿಮೆನೆಸ್ ದೆ ರಾದಾ. ಅದೇ ಮಸೀದಿಯ ಸ್ಥಳದಲ್ಲಿ ಈ ಪ್ರಧಾನಾಲಯದ ನಿರ್ಮಾಣ ಆರಂಭಿಸಿದವರೂ ಅವರೇ.

ಓದುಗರೇ, ಈ ಕಥೆಯಲ್ಲಿ ಎಷ್ಟು ಭಾಗ ನಡೆದದ್ದು, ಎಷ್ಟು ಭಾಗ ಸೇರಿದ್ದು ಎಂಬುದನ್ನು ಚರಿತ್ರಕಾರರು ಚರ್ಚಿಸಲಿ. ನನಗೆ ಮುಖ್ಯವಾಗಿ ಕಂಡದ್ದು ಇಷ್ಟೇ: ಕಿತ್ತುಕೊಂಡವರು ತಾವು ಕಿತ್ತುಕೊಂಡೆವೆಂಬುದನ್ನು ಮರೆಯಲಿಲ್ಲ. ಕಳೆದುಕೊಂಡವನ ಮುಖವನ್ನು ಬಲಿಪೀಠದ ಪಕ್ಕದಲ್ಲೇ ಕಲ್ಲಿನಲ್ಲಿ ನಿಲ್ಲಿಸಿದರು.

ಅದೇ ಪ್ರಧಾನಾಲಯದ ಇನ್ನೊಂದು ಮೂಲೆಯಲ್ಲಿ ಮೊಜರಾಬಿಕ್ ಪ್ರಾರ್ಥನಾಲಯವಿದೆ. ಅರಬರ ಆಳ್ವಿಕೆಯಲ್ಲಿ ಬಾಳಿದ ಕ್ರೈಸ್ತರಿಗೆ ಮೊಜರಾಬರೆಂದು ಹೆಸರು. ಅವರು ಅರಬಿಯಲ್ಲಿ ಮಾತನಾಡಿದರು. ನಗರ ಕ್ರೈಸ್ತರ ಕೈಗೆ ಬಂದ ಮೇಲೂ ನೂರು, ನೂರೈವತ್ತು ವರ್ಷ ತಮ್ಮ ಕ್ರಯಪತ್ರಗಳನ್ನು ಅರಬಿಯಲ್ಲೇ ಬರೆದರು. ರೋಮಿನದಕ್ಕಿಂತ ಭಿನ್ನವಾದ ಪ್ರಾಚೀನ ಪೂಜಾಪದ್ಧತಿಯನ್ನು ಜೋಪಾನವಾಗಿ ಕಾಯ್ದುಕೊಂಡಿದ್ದರು. ಆ ಪದ್ಧತಿಯಲ್ಲಿ ಗುರುವು ರೊಟ್ಟಿಯನ್ನು ಒಂಬತ್ತು ತುಂಡುಗಳಾಗಿ ಮುರಿದು ಶಿಲುಬೆಯ ಆಕಾರದಲ್ಲಿ ಜೋಡಿಸುತ್ತಾರೆ. ವಿಚಿತ್ರವೆಂದರೆ, ಮುಸ್ಲಿಂ ಅರಸರು ಮುಟ್ಟದ ಈ ಪೂಜೆಗೆ ಕುತ್ತು ಬಂದದ್ದು ಕ್ರೈಸ್ತ ಅರಸರಿಂದ. ರೋಮಿನ ವಿಧಿಯೇ ಎಲ್ಲೆಡೆ ಇರಬೇಕೆಂದು 11ನೇ ಶತಮಾನದಲ್ಲಿ ಆಜ್ಞೆಯಾಯಿತು. ಟೊಲೆಡೊದ ಆರು ವಿಚಾರಣೆಗಳಿಗೆ ಮಾತ್ರ ವಿನಾಯಿತಿ ದೊರೆಯಿತು. ಅಳಿವಿನ ಅಂಚಿನಲ್ಲಿದ್ದ ಆ ವಿಧಿಯ ಪುಸ್ತಕಗಳನ್ನು 1500ರಲ್ಲಿಯೂ 1502ರಲ್ಲಿಯೂ ಅಚ್ಚು ಹಾಕಿಸಿ, ಈ ಪ್ರಾರ್ಥನಾಲಯವನ್ನು ಸ್ಥಾಪಿಸಿ ಉಳಿಸಿದವರು ಕಾರ್ಡಿನಲ್ ಸಿಸ್ನೆರೊಸ್. ಅದೇ ಸಿಸ್ನೆರೊಸ್ ಅದೇ ಸುಮಾರಿನ ವರ್ಷಗಳಲ್ಲಿ ಗ್ರಾನಡಾದಲ್ಲಿ ಅರಬಿ ಗ್ರಂಥಗಳನ್ನು ರಾಶಿ ಹಾಕಿಸಿ ಸುಡಿಸಿದರು. ಒಂದೇ ಕೈ ಒಂದು ಪುಸ್ತಕವನ್ನು ಬೆಂಕಿಯಿಂದ ಉಳಿಸಿತು, ಇನ್ನೊಂದನ್ನು ಬೆಂಕಿಗೆ ಹಾಕಿತು.

ಆ ಗ್ರಂಥಗಳ ಋಣ ಎಷ್ಟೆಂಬುದು ಈ ಊರಿಗೆ ಗೊತ್ತಿರಬೇಕಿತ್ತು. 12ನೇ ಶತಮಾನದಲ್ಲಿ ಇಲ್ಲಿಯೇ ಅಲ್ಲವೇ ಅರಬಿಯಿಂದ ಲತೀನಿಗೆ ಜ್ಞಾನ ಹರಿದು ಬಂದದ್ದು? ಇಟಲಿಯ ಕ್ರೆಮೋನಾದಿಂದ ಟಾಲೆಮಿಯ ಖಗೋಳ ಗ್ರಂಥವನ್ನು ಹುಡುಕಿಕೊಂಡು ಬಂದ ಜೆರಾರ್ಡ್ ಎಂಬ ವಿದ್ವಾಂಸ 1187ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸುಮಾರು ಎಪ್ಪತ್ತು ಕೃತಿಗಳನ್ನು ಅನುವಾದಿಸಿದ್ದನು. ಆತ್ಮವನ್ನು ಕುರಿತು ಇಬ್ನ್ ಸೀನಾ ಬರೆದ ಗ್ರಂಥದ ಅನುವಾದ ಇನ್ನೂ ಸ್ವಾರಸ್ಯದ್ದು. ಯೆಹೂದ್ಯ ಪಂಡಿತನೊಬ್ಬ ಅರಬಿಯ ಒಂದೊಂದು ಪದವನ್ನೂ ಜನರ ಆಡುಮಾತಿನಲ್ಲಿ ಹೇಳುತ್ತಿದ್ದನು; ಗುಂಡಿಸಾಲ್ವೊ ಎಂಬ ಕ್ರೈಸ್ತ ಗುರು ಅದನ್ನು ಲತೀನಿನಲ್ಲಿ ಬರೆದುಕೊಳ್ಳುತ್ತಿದ್ದರು. ಮುಸ್ಲಿಮನ ಗ್ರಂಥ, ಯೆಹೂದ್ಯನ ನಾಲಿಗೆ, ಕ್ರೈಸ್ತನ ಲೇಖನಿ. ಸಂತ ಥಾಮಸ್ ಅಕ್ವೀನರು ಆ ಗ್ರಂಥವನ್ನು ಓದಿ ಚರ್ಚಿಸಿದರು. ಗುರುಮಠದಲ್ಲಿ ಅಕ್ವೀನರನ್ನು ಓದಿದ ನಾವೆಲ್ಲರೂ, ತಿಳಿಯದೆಯೇ, ಆ ಇಬ್ಬರ ಮೇಜಿನ ಋಣಿಗಳು.

ಎರಡು ಪ್ರಾರ್ಥನಾಮಂದಿರಗಳು

ಮಧ್ಯಾಹ್ನದ ಊಟವಾದ ಮೇಲೆ ಗುಂಪಿನವರು ಟೊಲೆಡೊದ ಪ್ರಸಿದ್ಧ ಬಾದಾಮಿ ಮಿಠಾಯಿ ಕೊಂಡರು. ಸಂತ ತೋಮನ ದೇವಾಲಯದಲ್ಲಿ ಎಲ್ ಗ್ರೆಕೊ 1586 ಮತ್ತು 1588ರ ನಡುವೆ ಬರೆದ ‘ಒರ್ಗಾಸ್ ಪ್ರಭುವಿನ ಶವಸಂಸ್ಕಾರ’ವನ್ನು ನೋಡಿದೆವು. ಸಂತ ಸ್ತೇಫನರೂ ಸಂತ ಅಗಸ್ಟೀನರೂ ಸ್ವರ್ಗದಿಂದ ಇಳಿದು ಬಂದು ದಾನಶೀಲ ಪ್ರಭುವಿನ ದೇಹವನ್ನು ಸಮಾಧಿಯಲ್ಲಿಡುವ ದೃಶ್ಯವದು. ಆ ಪ್ರಭು ತನ್ನ ಊರಿನವರು ವರ್ಷಕ್ಕೆ ಇಷ್ಟು ಕುರಿ, ಇಷ್ಟು ಕೋಳಿ, ದ್ರಾಕ್ಷಾರಸ, ಸೌದೆ ಮತ್ತು ಹಣವನ್ನು ಈ ದೇವಾಲಯಕ್ಕೆ ಕೊಡಬೇಕೆಂದು ಬರೆದಿಟ್ಟಿದ್ದನು. ಎರಡೂವರೆ ಶತಮಾನಗಳ ಬಳಿಕ ಊರಿನವರು ಕೊಡುವುದನ್ನು ನಿಲ್ಲಿಸಿದಾಗ ವಿಚಾರಣಾ ಗುರು ನ್ಯಾಯಾಲಯಕ್ಕೆ ಹೋಗಿ ಗೆದ್ದು, ಆ ಬಳಿಕ ಈ ಚಿತ್ರ ಬರೆಸಿದರು. ಕಾಣಿಕೆಯ ಬಾಕಿಯ ಕಷ್ಟ ಬಲ್ಲ ನನಗೆ ಆ ಗುರುವಿನ ಮೇಲೆ ಸಹಾನುಭೂತಿ ಹುಟ್ಟಿತು!

ಅಲ್ಲಿಂದ ಕೆಲವೇ ಹೆಜ್ಜೆ ನಡೆದರೆ ಹಳೆಯ ಯೆಹೂದ್ಯರ ಕೇರಿ. ಮೊದಲನೆಯ ಪ್ರಾರ್ಥನಾಮಂದಿರದ ಹೆಸರನ್ನು ಕೇಳಿದರೆ ಬೆರಗಾಗುತ್ತೀರಿ: ಸಾಂತಾ ಮರಿಯಾ ಲಾ ಬ್ಲಾಂಕಾ, ಅಂದರೆ ‘ಶ್ವೇತ ಸಂತ ಮರಿಯಾ’. ಯೆಹೂದ್ಯರಿಗಾಗಿ, ಮುಸ್ಲಿಂ ಶೈಲಿಯಲ್ಲಿ, ಕ್ರೈಸ್ತ ಅರಸರ ರಾಜ್ಯದಲ್ಲಿ ಕಟ್ಟಿದ ಮಂದಿರ ಅದು. ಬಿಳಿಯ ಕಂಬಗಳ ಸಾಲುಗಳು, ಅವುಗಳ ಮೇಲೆ ಕುದುರೆಲಾಳದ ಆಕಾರದ ಕಮಾನುಗಳು. 1391ರಲ್ಲಿ ಸೆವಿಲ್ಲಿನಲ್ಲಿ ಒಬ್ಬ ಕ್ರೈಸ್ತ ಗುರುವಿನ ವಿಷಪೂರಿತ ಪ್ರವಚನಗಳಿಂದ ಹೊತ್ತಿದ ಗಲಭೆ ಟೊಲೆಡೊಗೂ ಹಬ್ಬಿ ಕೇರಿ ರಕ್ತದಲ್ಲಿ ತೊಯ್ದಿತು. ಅನಂತರ, 15ನೇ ಶತಮಾನದ ಆರಂಭದಲ್ಲಿ, ಈ ಮಂದಿರ ದೇವಾಲಯವಾಯಿತು. ಸಂತ ವಿನ್ಸೆಂಟ್ ಫೆರರ್ ಅವರ ಪ್ರವಚನ ಕೇಳಿ ಉದ್ರಿಕ್ತರಾದ ಜನ ಇದನ್ನು ವಶಪಡಿಸಿಕೊಂಡರೆಂದು ಸಂಪ್ರದಾಯ ಹೇಳುತ್ತದೆ. ಇಂದು ಇಲ್ಲಿ ಬಲಿಪೂಜೆಯೂ ಇಲ್ಲ, ಯೆಹೂದ್ಯರ ಪ್ರಾರ್ಥನೆಯೂ ಇಲ್ಲ. ಟಿಕೆಟ್ ಮಾತ್ರ ಇದೆ. ಕಟ್ಟಡ ಧರ್ಮಸಭೆಯ ಒಡೆತನದಲ್ಲಿದೆ. ಅದನ್ನು ಸಂಕೇತವಾಗಿಯಾದರೂ ಹಿಂದಿರುಗಿಸಬೇಕೆಂದು ಸ್ಪೇನಿನ ಯೆಹೂದ್ಯ ಸಮುದಾಯದ ನಾಯಕರು ಈಚಿನ ವರ್ಷಗಳಲ್ಲಿ ಕೋರಿದ್ದಾರೆ.

ಎರಡನೆಯದು ಎಲ್ ತ್ರಾನ್ಸಿತೊ. ಕಸ್ತೀಲಿನ ದೊರೆ ಪೆದ್ರೊನ ಖಜಾಂಚಿಯಾಗಿದ್ದ ಸಾಮುವೇಲ್ ಹಾ-ಲೇವಿ 14ನೇ ಶತಮಾನದ ನಡುವಿನಲ್ಲಿ ಕಟ್ಟಿಸಿದ್ದು. ಎತ್ತರದ ಮರದ ಚಾವಣಿ, ಗೋಡೆಗಳ ಉದ್ದಕ್ಕೂ ಗಾರೆಯಲ್ಲಿ ಕೊರೆದ ಹೀಬ್ರೂ ಅಕ್ಷರಗಳು. ಅವು ಬಹುಮಟ್ಟಿಗೆ ಕೀರ್ತನೆಗಳ ವಾಕ್ಯಗಳು. ನಾವು ಗುರುಗಳು ದಿನವೂ ಪ್ರಾರ್ಥಿಸುವ ಅವೇ ಕೀರ್ತನೆಗಳು. ಕಟ್ಟಿಸಿದ ಸಾಮುವೇಲನನ್ನು ಅದೇ ದೊರೆ ಬಂಧಿಸಿದನು. ಸೆವಿಲ್ಲಿನಲ್ಲಿ ಚಿತ್ರಹಿಂಸೆಯಲ್ಲಿ ಅವನು ಸತ್ತನು. ಮಂದಿರ ಮುಂದಿನ ನೂರಮೂವತ್ತು ವರ್ಷ ನಡೆಯಿತು. 1492ರ ಮಾರ್ಚ್ 31ರಂದು ರಾಣಿ ಇಸಬೆಲ್ಲಾ ಮತ್ತು ದೊರೆ ಫರ್ಡಿನಂಡ್ ಒಂದು ಆಜ್ಞೆಗೆ ಸಹಿ ಹಾಕಿದರು: ಸ್ನಾನದೀಕ್ಷೆ ಪಡೆಯದ ಯೆಹೂದ್ಯರು ಜುಲೈ ತಿಂಗಳು ಮುಗಿಯುವುದರೊಳಗೆ ರಾಜ್ಯ ಬಿಡಬೇಕು, ಬೆಳ್ಳಿ ಬಂಗಾರ ಒಯ್ಯುವಂತಿಲ್ಲ. ನಾಲ್ಕು ತಿಂಗಳಲ್ಲಿ ಶತಮಾನಗಳ ನೆಲೆ ತೆರವಾಯಿತು. ಹೋದವರು ಪೋರ್ಚುಗಲ್ಲಿಗೆ, ಉತ್ತರ ಆಫ್ರಿಕಕ್ಕೆ, ತುರ್ಕರ ರಾಜ್ಯಕ್ಕೆ ಚದುರಿದರು. ಅವರ ಸಂತತಿಯ ಕೆಲವರು ನಮ್ಮ ಕೊಚ್ಚಿಯವರೆಗೂ ಬಂದರು. ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಪ್ರಾರ್ಥನಾಮಂದಿರ ಆ ವಲಸೆಯ ಕುರುಹನ್ನೂ ಹೊತ್ತು ನಿಂತಿದೆ. ಆ ಆಜ್ಞೆಯನ್ನು ಸ್ಪೇನ್ ಔಪಚಾರಿಕವಾಗಿ ಹಿಂತೆಗೆದುಕೊಂಡದ್ದು 1968ರಲ್ಲಿ.

ಸರಪಳಿಗಳು

ಅದೇ ಕೇರಿಯಲ್ಲಿ, ಎರಡೂ ಮಂದಿರಗಳಿಂದ ಕೂಗಳತೆಯ ದೂರದಲ್ಲಿ, ಸಾನ್ ಹುವಾನ್ ದೆ ಲೊಸ್ ರೆಯೆಸ್ ಎಂಬ ಫ್ರಾನ್ಸಿಸ್ಕನ್ ಮಠವಿದೆ. ಆಜ್ಞೆಗೆ ಸಹಿ ಹಾಕಿದ ಅದೇ ಅರಸ ದಂಪತಿಗಳು 1477ರಲ್ಲಿ ಕಟ್ಟಿಸಲು ಆರಂಭಿಸಿದ ದೇವಾಲಯ ಅದು. ಅದರ ಹೊರಗೋಡೆಯನ್ನು ನೋಡಿದೊಡನೆ ನಮ್ಮ ಗುಂಪಿನ ಮಾತು ನಿಂತಿತು. ಮಸುಕು ಬಣ್ಣದ ಕಲ್ಲುಗೋಡೆಯ ಮೇಲೆ ಎತ್ತರದಲ್ಲಿ ಸಾಲು ಸಾಲಾಗಿ ಕಬ್ಬಿಣದ ಸರಪಳಿಗಳು, ಬೇಡಿಗಳು ತೂಗುತ್ತಿವೆ. ಗ್ರಾನಡಾದ ಮುಸ್ಲಿಂ ರಾಜ್ಯದಲ್ಲಿ ಸೆರೆಯಾಳುಗಳಾಗಿದ್ದ ಕ್ರೈಸ್ತರು ಬಿಡುಗಡೆಯಾದಾಗ ಅವರ ಕಾಲಿನಿಂದ ಕಳಚಿದ ಬೇಡಿಗಳು ಅವು. ರಾಣಿಯ ಆಜ್ಞೆಯಂತೆ ಅವುಗಳನ್ನು ಇಲ್ಲಿಗೆ ತಂದು ಕೃತಜ್ಞತೆಯ ಕುರುಹಾಗಿ ತೂಗುಹಾಕಿದರು. ಐದು ಶತಮಾನಗಳು ಕಳೆದವು. 19ನೇ ಶತಮಾನದ ಆರಂಭದಲ್ಲಿ ನೆಪೋಲಿಯನ್ನನ ಸೈನಿಕರು ಈ ಮಠಕ್ಕೆ ಬೆಂಕಿಯಿಟ್ಟರು. ಸರಪಳಿಗಳು ಇನ್ನೂ ಅಲ್ಲೇ ಇವೆ.

ಅವುಗಳನ್ನು ನೋಡುತ್ತ ನಿಂತಾಗ ನನಗೆ ನೆನಪಾದದ್ದು ನನ್ನ ಅಜ್ಜಿ. ನಮ್ಮದು ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕಥೋಲಿಕ ಕುಟುಂಬ. ಸಂಜೆಯ ಜಪಸರ ಮುಗಿದ ಮೇಲೆ ಅಜ್ಜಿ ಮಕ್ಕಳಾದ ನಮ್ಮನ್ನು ಕೂರಿಸಿಕೊಂಡು ಶ್ರೀರಂಗಪಟ್ಟಣದ ಸೆರೆವಾಸದ ಕಥೆ ಹೇಳುತ್ತಿದ್ದರು. ಆಂಗ್ಲರಿಗೆ ನೆರವಾದರೆಂಬ ಸಂಶಯದಿಂದ ಟಿಪ್ಪು ಸುಲ್ತಾನನು 1784ರಲ್ಲಿ ಕೆನರಾದ ಕ್ರೈಸ್ತರನ್ನು ಹಿಡಿಸಿ ಘಟ್ಟದ ದಾರಿಯಲ್ಲಿ ನಡೆಸಿಕೊಂಡು ಹೋದದ್ದು, ದಾರಿಯಲ್ಲಿ ಮಕ್ಕಳು ಮುದುಕರು ಬಿದ್ದು ಸತ್ತದ್ದು, 1799ರಲ್ಲಿ ಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ಮರಳಿ ಬಂದದ್ದು. ಅಜ್ಜಿಯ ಕಣ್ಣಲ್ಲಿ ನೀರಿರುತ್ತಿತ್ತು. ಆ ಕಥೆ ನಮ್ಮ ಮನೆಯ ಗೋಡೆಗೆ ತೂಗುಹಾಕಿದ ಸರಪಳಿ. ಅದನ್ನು ಇಳಿಸಬೇಕೆಂದು ನಾನು ಹೇಳುವುದಿಲ್ಲ. ನರಳಿದವರನ್ನು ಮರೆಯುವುದು ಪಾಪ.

ಆದರೆ ಅಂದು ಇನ್ನೊಂದು ಪ್ರಶ್ನೆಯೂ ಎದ್ದಿತು. ಮಾರ್ಗದರ್ಶಿಯನ್ನು ಕೇಳಿದೆ: “ಈ ಕೇರಿಯಿಂದ ಹೊರಗೆ ಹೋದವರ ನೆನಪಿಗೆ ಏನನ್ನು ತೂಗುಹಾಕಿದ್ದಾರೆ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೆಳಗೆ ನೋಡಿ, ಫಾದರ್” ಎಂದರು. ಕಲ್ಲುಹಾಸಿನ ನಡುವೆ ಅಂಗೈಗಿಂತ ಚಿಕ್ಕದಾದ ಒಂದು ನೀಲಿ ಬಿಳಿಯ ಹೆಂಚಿನ ಬಿಲ್ಲೆ. ಅದರ ಮೇಲೆ ಏಳು ಕವಲಿನ ದೀಪಸ್ತಂಭದ ಚಿತ್ರ. ಇಲ್ಲಿ ಯೆಹೂದ್ಯರ ಕೇರಿ ಇತ್ತೆಂದು ಸೂಚಿಸಲು ನಮ್ಮ ಕಾಲದಲ್ಲಿ ಅಲ್ಲಲ್ಲಿ ಹೂಳಿದ ಬಿಲ್ಲೆಗಳವು. ಬೆಳಗಿನಿಂದ ನಾನು ಎಷ್ಟೋ ಬಿಲ್ಲೆಗಳನ್ನು ತುಳಿದುಕೊಂಡು ಬಂದಿದ್ದಿರಬೇಕು. “ನಮಗಾದ ನೋವು ಗೋಡೆಯ ಮೇಲಿದೆ. ನಾವು ಕೊಟ್ಟ ನೋವು ನೆಲದಲ್ಲಿದೆ” ಎಂದರು ಅವರು.

ನನ್ನ ಅಜ್ಜಿ ಹೇಳದೇ ಹೋದ ಕಥೆ ನನಗೆ ಆಗ ನೆನಪಾಯಿತು. ನಮ್ಮ ಪೂರ್ವಜರು ಗೋವೆಯಿಂದ ಕೆನರಾಕ್ಕೆ ಬಂದರೆಂದು ಎಲ್ಲರೂ ಹೇಳುತ್ತಿದ್ದರು. ಏಕೆ ಬಂದರೆಂದು ಯಾರೂ ಹೇಳುತ್ತಿರಲಿಲ್ಲ. ಕಾರಣಗಳು ಹಲವು: ಬರಗಾಲ, ತೆರಿಗೆ, ಯುದ್ಧ. ಆದರೆ 1560ರಲ್ಲಿ ಗೋವೆಯಲ್ಲಿ ಸ್ಥಾಪನೆಯಾದ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಾಲಯವೂ ಆ ಕಾರಣಗಳಲ್ಲಿ ಒಂದು. ಸ್ಪೇನ್, ಪೋರ್ಚುಗಲ್‌ಗಳಲ್ಲಿ ಯೆಹೂದ್ಯ ಮೂಲದ ಕ್ರೈಸ್ತರ ಬೆನ್ನು ಹತ್ತಿದ ವ್ಯವಸ್ಥೆಯೇ ಹಡಗು ಹತ್ತಿ ಗೋವೆಗೆ ಬಂದಿತ್ತು. 1684ರಲ್ಲಿ ಪೋರ್ಚುಗೀಸ್ ಸರ್ಕಾರ ಮೂರು ವರ್ಷಗಳೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಕಲಿಯಬೇಕೆಂದು ಆಜ್ಞಾಪಿಸಿತು. 1736ರಲ್ಲಿ ಧರ್ಮವಿಚಾರಣಾ ನ್ಯಾಯಾಲಯ ಮದುವೆಯ ಸಂಪ್ರದಾಯಗಳನ್ನೂ, ಮದುವೆ ಮನೆಯ ಹಾಡುಗಳಾದ ವೊವಿಯೊಗಳನ್ನೂ ನಿಷೇಧಿಸಿತು. ಆ ನ್ಯಾಯಾಲಯ ಕೊನೆಗೊಂಡದ್ದು 1812ರಲ್ಲಿ. ನನ್ನ ಅಜ್ಜಿ ಊರಿನ ಪ್ರತಿ ಮದುವೆಯಲ್ಲೂ ವೊವಿಯೊ ಹಾಡುತ್ತಿದ್ದರು. ಆ ಹಾಡನ್ನು ಒಮ್ಮೆ ಶಿಲುಬೆಯ ಹೆಸರಿನಲ್ಲಿ ನಿಷೇಧಿಸಿದ್ದರೆಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಲಿಲ್ಲ.

ರಕ್ತದ ಶುದ್ಧಿ

ಸಂಜೆ ಮತ್ತೆ ನದಿಯ ಕಡೆಗೆ ಇಳಿಯುವಾಗ ಮಾರ್ಗದರ್ಶಿ ಇನ್ನೂ ಎರಡು ಹೆಸರುಗಳನ್ನು ಹೇಳಿದರು. ಅವೆರಡೂ ನಮ್ಮ ಮನೆಗಳಲ್ಲಿ ಪ್ರತಿದಿನ ಕೇಳುವ ಹೆಸರುಗಳು.

ಒಂದು, ಆವಿಲಾದ ಸಂತ ತೆರೇಸಾ. ಅವರ ಅಜ್ಜ ಹುವಾನ್ ಸಾಂಚೆಸ್ ಟೊಲೆಡೊದ ಬಟ್ಟೆ ವ್ಯಾಪಾರಿ. ಯೆಹೂದ್ಯ ಮೂಲದ ಕ್ರೈಸ್ತ. ಗುಟ್ಟಾಗಿ ಹಳೆಯ ಆಚರಣೆ ಇಟ್ಟುಕೊಂಡಿದ್ದನೆಂಬ ಆರೋಪದ ಮೇಲೆ 1485ರಲ್ಲಿ ಧರ್ಮವಿಚಾರಣಾ ನ್ಯಾಯಾಲಯ ಅವನಿಗೆ ಪ್ರಾಯಶ್ಚಿತ್ತ ವಿಧಿಸಿತು. ಏಳು ಶುಕ್ರವಾರ ಅವಮಾನದ ಮೇಲಂಗಿ ತೊಟ್ಟು ಇದೇ ಓಣಿಗಳಲ್ಲಿ ದೇವಾಲಯದಿಂದ ದೇವಾಲಯಕ್ಕೆ ಅವನು ನಡೆಯಬೇಕಾಯಿತು. ಅನಂತರ ಕುಟುಂಬ ಆವಿಲಾಕ್ಕೆ ಹೋಯಿತು. ಈ ದಾಖಲೆ ಪ್ರಕಟವಾದದ್ದು 1940ರ ದಶಕದಲ್ಲಿ. ಅಲ್ಲಿಯವರೆಗೆ ಸಂತಳ ಜೀವನಚರಿತ್ರೆಗಳು ಅವರ ಕುಲೀನ ವಂಶವನ್ನೇ ಹೊಗಳುತ್ತಿದ್ದವು. ಅಜ್ಜ ಅವಮಾನಿತನಾಗಿ ನಡೆದ ಊರಿನಲ್ಲಿಯೇ, 1577ರ ಜೂನ್ ತಿಂಗಳಿನಲ್ಲಿ, ಮೊಮ್ಮಗಳು ‘ಅಂತರಂಗದ ಕೋಟೆ’ಯನ್ನು ಬರೆಯಲಾರಂಭಿಸಿದರು. 1970ರಲ್ಲಿ ಧರ್ಮಸಭೆ ಅವರನ್ನು ಧರ್ಮಪಂಡಿತೆಯೆಂದು ಘೋಷಿಸಿತು.

ಟೊಲೆಡೊದಲ್ಲಿ 1449ರಲ್ಲಿಯೇ ಯೆಹೂದ್ಯ ಮೂಲದ ಕ್ರೈಸ್ತರು ಅಧಿಕಾರದ ಸ್ಥಾನ ಹೊಂದಬಾರದೆಂಬ ಕಟ್ಟಳೆ ಹೊರಟಿತ್ತು. ಜಗದ್ಗುರು ಐದನೆಯ ನಿಕೋಲಸರು ಅದೇ ವರ್ಷ ಅದನ್ನು ಖಂಡಿಸಿ, ಸ್ನಾನದೀಕ್ಷೆ ಪಡೆದವರಲ್ಲಿ ಭೇದವಿಲ್ಲವೆಂದು ಸಾರಿದರು. ಆದರೆ 1547ರಲ್ಲಿ ಈ ಪ್ರಧಾನಾಲಯವೇ ‘ರಕ್ತಶುದ್ಧಿ’ಯ ನಿಯಮವನ್ನು ತಂದಿತು, ಮುಂದೆ ಅದಕ್ಕೆ ರೋಮಿನ ಸಮ್ಮತಿಯೂ ದೊರೆಯಿತು. ರಕ್ತಶುದ್ಧಿ ಎಂಬ ಮಾತನ್ನು ಭಾರತೀಯನಾದ ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಮ್ಮ ಜಾತಿಗಳಿಗೆ ಯುರೋಪಿನವರು ಕೊಟ್ಟ ಹೆಸರು ಬಂದದ್ದು ಪೋರ್ಚುಗೀಸರ ‘ಕಾಸ್ತಾ’ ಎಂಬ ಶಬ್ದದಿಂದಲೇ. ನಮ್ಮ ವಿಚಾರಣೆಗಳಲ್ಲಿ ಸಂಬಂಧ ಕೂಡಿಸುವಾಗ, ಸ್ಮಶಾನದಲ್ಲಿ ಜಾಗ ಹುಡುಕುವಾಗ ಆ ಮಾತು ಇನ್ನೂ ಬೇರೆ ಬೇರೆ ಹೆಸರಿನಲ್ಲಿ ಕೇಳಿಬರುವುದನ್ನು ನೀವೂ ಬಲ್ಲಿರಿ.

ಎರಡನೆಯ ಹೆಸರು, ಶಿಲುಬೆಯ ಸಂತ ಜಾನ್. ಕಾರ್ಮೆಲ್ ಸಭೆಯ ಸುಧಾರಣೆಗೆ ಕೈಹಾಕಿದ ತಪ್ಪಿಗೆ ಅವರನ್ನು 1577ರ ಡಿಸೆಂಬರಿನಲ್ಲಿ ಸ್ವಂತ ಸಭೆಯ ಸಹೋದರರೇ ಹಿಡಿದು ತಂದು ಟೊಲೆಡೊದ ಮಠದ ಕಿರುಕೋಣೆಯಲ್ಲಿ ಕೂಡಿಹಾಕಿದರು. ಚಾಟಿಯೇಟು, ಹಸಿವು, ಕತ್ತಲೆ. ಸುಮಾರು ಎಂಟು ತಿಂಗಳ ಬಳಿಕ, 1578ರ ಆಗಸ್ಟಿನಲ್ಲಿ, ಹೊದಿಕೆಯ ಪಟ್ಟಿಗಳನ್ನು ಗಂಟು ಹಾಕಿ ಕಿಟಕಿಯಿಂದ ಇಳಿದು ಅವರು ತಪ್ಪಿಸಿಕೊಂಡರು. ಅವರ ಮಹಾಕಾವ್ಯದ ಬಹುಭಾಗ ಮೂಡಿದ್ದು ಆ ಕೋಣೆಯಲ್ಲಿ. ಆ ಮಠ ಇಂದು ಉಳಿದಿಲ್ಲ. ಅವರ ಬೇಡಿಯೂ ಯಾವ ಗೋಡೆಯ ಮೇಲೂ ಇಲ್ಲ.

ಮನೆಗೆ ಬಂದ ಮೇಲೆ

2000ದ ಮಾರ್ಚ್ 12ರಂದು, ತಪಸ್ಸುಕಾಲದ ಮೊದಲ ಭಾನುವಾರ, ಜಗದ್ಗುರು ದ್ವಿತೀಯ ಜಾನ್ ಪೌಲರು ಸಂತ ಪೇತ್ರರ ಮಹಾದೇವಾಲಯದಲ್ಲಿ ಧರ್ಮಸಭೆಯ ಮಕ್ಕಳು ಚರಿತ್ರೆಯುದ್ದಕ್ಕೂ ಮಾಡಿದ ಪಾಪಗಳಿಗಾಗಿ ದೇವರಲ್ಲಿ ಕ್ಷಮೆ ಬೇಡಿದರು. ಸತ್ಯದ ಸೇವೆಯ ಹೆಸರಿನಲ್ಲಿ ಮಾಡಿದ ಬಲಾತ್ಕಾರ, ಯೆಹೂದ್ಯ ಜನರ ವಿರುದ್ಧದ ಪಾಪ, ಇತರ ಸಂಸ್ಕೃತಿ ಮತ್ತು ಧರ್ಮಗಳ ಅವಮಾನ, ಇವೆಲ್ಲವನ್ನೂ ಒಂದೊಂದಾಗಿ ಹೆಸರಿಸಿದ ಆ ಪ್ರಾರ್ಥನೆಯನ್ನು ಆಗ ನಾವು ಪತ್ರಿಕೆಗಳಲ್ಲಿ ಓದಿ ಮೆಚ್ಚಿದ್ದೆವು. ಅದು ನಮಗೂ ಸಂಬಂಧಿಸಿದ್ದೆಂದು ನನಗೆ ತಿಳಿದದ್ದು ಟೊಲೆಡೊದ ಓಣಿಯಲ್ಲಿ, ಕಾಲಕೆಳಗಿನ ಬಿಲ್ಲೆಯನ್ನು ನೋಡಿದಾಗ.

ಊರಿಗೆ ಬಂದ ಮೇಲೆ ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ ಶ್ರೀರಂಗಪಟ್ಟಣದ ಸೆರೆವಾಸದ ಕಥೆಯನ್ನು ಹೇಳಿದ ದಿನವೇ ಗೋವೆಯ ಕಥೆಯನ್ನೂ ಹೇಳಿದೆ. ಮರುವಾರ ವಿಚಾರಣೆಯ ಹಿರಿಯರೊಬ್ಬರು ಬಂದು, “ಫಾದರ್, ಇದನ್ನೆಲ್ಲ ಈಗ ಯಾಕೆ ಕೆದಕುತ್ತೀರಿ? ನಮ್ಮ ಬಾಯಿಂದಲೇ ಕೇಳಿ ನಮ್ಮ ಮೇಲೆಯೇ ಎಸೆಯುವವರು ಕಾಯ್ದು ಕುಳಿತಿದ್ದಾರೆ” ಎಂದರು. ಅವರ ಭಯ ಸುಳ್ಳಲ್ಲ. ಅಲ್ಪಸಂಖ್ಯಾತನ ಮನೆಯಲ್ಲಿ ತಪ್ಪೊಪ್ಪಿಗೆ ಸುಲಭವಲ್ಲ. ನಾನು ಅವರಿಗೆ ಹೇಳಿದ್ದು ಇಷ್ಟು: “ನಾವು ಪ್ರತಿ ಬಲಿಪೂಜೆಯನ್ನೂ ಆರಂಭಿಸುವುದು ಎದೆ ಬಡಿದುಕೊಂಡು ನಮ್ಮ ತಪ್ಪನ್ನು ಒಪ್ಪಿಕೊಂಡು. ಪಕ್ಕದವನ ತಪ್ಪನ್ನು ಹೇಳಿ ಪೂಜೆ ಆರಂಭಿಸುವ ವಿಧಿ ಎಲ್ಲಿಯೂ ಇಲ್ಲ. ಮತ್ತೆ, ನಮಗಾದ ನೋವನ್ನು ಮಾತ್ರ ಕೇಳಿ ಬೆಳೆದ ಮಗು ನಾಳೆ ಯಾರನ್ನು ದ್ವೇಷಿಸೀತೆಂದು ನೀವೂ ಯೋಚಿಸಿ.” ಅವರು ಒಪ್ಪಿದರೆಂದು ಹೇಳಲಾರೆ. ಆದರೆ ಹೋಗುವ ಮೊದಲು, ಅವರ ತಾಯಿಯೂ ವೊವಿಯೊ ಹಾಡುತ್ತಿದ್ದರೆಂದು ಹೇಳಿ, ಎರಡು ಸಾಲು ಮೆಲ್ಲಗೆ ಗುನುಗಿದರು.

ಓದುಗರೇ, ನಿಮಗೆ ಎಂದಾದರೂ ಟೊಲೆಡೊಗೆ ಹೋಗುವ ಅವಕಾಶ ದೊರೆತರೆ ಪ್ರಧಾನಾಲಯದ ಕಂಬದ ಮೇಲಿರುವ ಅಬು ವಾಲಿದನನ್ನು ತಪ್ಪದೆ ನೋಡಿ. ಸರಪಳಿಗಳ ಗೋಡೆಯ ಮುಂದೆ ನಿಂತು, ನರಳಿದವರಿಗಾಗಿ ಒಂದು ಪ್ರಾರ್ಥನೆ ಸಲ್ಲಿಸಿ. ಆಮೇಲೆ ತಲೆ ಬಗ್ಗಿಸಿ ನೆಲವನ್ನೂ ಒಮ್ಮೆ ನೋಡಿ. ಹೋಗಲು ಆಗದಿದ್ದರೆ ಚಿಂತೆಯಿಲ್ಲ. ನಮ್ಮ ನಮ್ಮ ಊರುಗಳಲ್ಲೂ ಗೋಡೆಗಳಿವೆ, ನೆಲವೂ ಇದೆ.